ಕೇಳಿ, ಹೇಳುತ್ತೇನೆ: ಈ ಸಲ ಪೂರ್ತಿ ಕೋಳಿ ಗೊಬ್ಬರ

ಕಳೆದ ಸಂಚಿಕೆಯಲ್ಲಿ ಗುಲಾಬಿಯ ವಿಷಯ ಬರೆಯುತ್ತ ಒಂದು ಸಾಲು ಸೇರಿಸಿದ್ದೆ: "ಕೋಳಿ ಗೊಬ್ಬರ ಹಾಕುವವರು ಸ್ವಲ್ಪ ಕೈ ಬಿಗಿ ಹಿಡಿಯಿರಿ." ಆ ಒಂದು ಸಾಲಿಗೆ ಬಂದ ಕಾಗದಗಳು ನನ್ನ ಅರ್ಧ ಮೇಜನ್ನು ತುಂಬಿವೆ. ಕೆಲವರು ವಿವರ ಕೇಳಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ, ಒಬ್ಬರಂತೂ ಸತ್ತ ಬದನೆ ಸಸಿಯ ಎಲೆಯನ್ನೇ ಲಕೋಟೆಯಲ್ಲಿಟ್ಟು ಕಳುಹಿಸಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ. ಎಲೆ ಕಳುಹಿಸಿದವರಿಂದಲೇ ಶುರು ಮಾಡುತ್ತೇನೆ. ಅವರ ಸಸಿಗಳು ಮುಂದಿನ ಸಂಚಿಕೆಯವರೆಗೆ ಕಾಯುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಉತ್ತರವನ್ನು ಮೊದಲೇ ಅಂಚೆಗೆ ಹಾಕಿದ್ದೆ. ಉಳಿದವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಪೂರ್ತಿಯಾಗಿ ಕೊಡುತ್ತಿದ್ದೇನೆ.

ಪ್ರಶ್ನೆ: ಅಮ್ಮಾ, ಪರಿಚಯದವರ ಕೋಳಿ ಗೂಡಿನಿಂದ ಎರಡು ಚೀಲ ಒಣ ಗೊಬ್ಬರ ತಂದು ಬದನೆ ಸಸಿಗಳ ಬುಡಕ್ಕೆ ತಲಾ ಎರಡು ಬೊಗಸೆ ಹಾಕಿ ನೀರು ಬಿಟ್ಟೆ. ನಾಲ್ಕನೇ ದಿನಕ್ಕೆ ಎಲೆಯ ಅಂಚು ಕಂದಾಯಿತು. ವಾರ ಕಳೆಯುವುದರೊಳಗೆ ಇಪ್ಪತ್ತರಲ್ಲಿ ಹದಿನಾಲ್ಕು ಸಸಿ ಹೋದವು. ಕೋಳಿ ಗೊಬ್ಬರ ಉಷ್ಣ ಎನ್ನುತ್ತಾರಲ್ಲ, ಅದೇ ಕಾರಣವೇ? ಉಳಿದ ಆರನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ನೀವು ಕಳುಹಿಸಿದ ಎಲೆಯನ್ನು ಬಿಳಿ ಕಾಗದದ ಮೇಲಿಟ್ಟು ಕನ್ನಡಕ ಹಾಕಿಕೊಂಡು ನೋಡಿದೆ. ಸುತ್ತ ಅಂಚು ಬೆಂಕಿ ತಾಗಿದ ಕಾಗದದಂತೆ ಕಂದಾಗಿ ಒಳಕ್ಕೆ ಮಡಚಿಕೊಂಡಿದೆ. ನಡುನರದ ಎರಡೂ ಬದಿ ಮಾತ್ರ ಇನ್ನೂ ಹಸಿರು. ಸೊರಗು ರೋಗವಾಗಿದ್ದರೆ ಎಲೆ ಇಡಿಯಾಗಿ ಜೋತುಬೀಳುತ್ತಿತ್ತು, ಅಂಚೊಂದೇ ಹೀಗೆ ಗರಿಗರಿಯಾಗುತ್ತಿರಲಿಲ್ಲ. ಇದು ಬುಡದಲ್ಲಿ ಉಪ್ಪು ಹೆಚ್ಚಾದ ಲಕ್ಷಣ. ನೀವು ಉಪ್ಪು ಹಾಕಿಲ್ಲ, ನಿಜ. ಕೋಳಿ ಹಾಕಿದೆ.

ಉಷ್ಣ ಎನ್ನುವ ಮಾತು ಸುಳ್ಳಲ್ಲ, ಆದರೆ ಅದರಲ್ಲಿ ವಿವರವಿಲ್ಲ. ಕೋಳಿಗೆ ಮೂತ್ರ ಬೇರೆ, ಮಲ ಬೇರೆ ಎಂಬುದಿಲ್ಲ; ಎರಡೂ ಒಂದೇ ದಾರಿಯಲ್ಲಿ ಒಟ್ಟಿಗೆ ಬರುತ್ತವೆ. ಹಿಕ್ಕೆಯ ತುದಿಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿರುವ ಭಾಗವಿದೆಯಲ್ಲ, ಅದು ಯೂರಿಕ್ ಆಮ್ಲ. ಹಿಕ್ಕೆಯ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಡಗಿರುವುದು ಅದರಲ್ಲಿಯೇ. ತೇವ ಮತ್ತು ಬಿಸುಪು ಸಿಕ್ಕಿದ ಕೂಡಲೇ ಸೂಕ್ಷ್ಮಜೀವಿಗಳು ಅದನ್ನು ಯೂರಿಯಾ ಮಾಡುತ್ತವೆ, ಯೂರಿಯಾವನ್ನು ಅಮೋನಿಯ ಮಾಡುತ್ತವೆ. ಗೂಡಿನ ಬಾಗಿಲು ತೆಗೆದಾಗ ಕಣ್ಣು ಉರಿಸುವ ವಾಸನೆ ಅದೇ. ಒಣಗಿದ್ದಷ್ಟು ದಿನ ಆ ಕೆಲಸ ನಿಂತಿರುತ್ತದೆ. ನೀವು ಒಣ ಗೊಬ್ಬರ ಹಾಕಿ ಮೇಲೆ ನೀರು ಬಿಟ್ಟಿರಿ. ನಿಂತಿದ್ದ ಕೆಲಸವನ್ನು ಎಳೆ ಬೇರಿನ ಮಗ್ಗುಲಲ್ಲೇ ಶುರು ಮಾಡಿಸಿದಂತಾಯಿತು. ಅಮೋನಿಯ ಬೇರನ್ನು ಸುಟ್ಟಿತು. ಕರಗಿದ ಲವಣಗಳು ಬೇರಿನೊಳಗಿನ ನೀರನ್ನು ಹೊರಕ್ಕೆ ಎಳೆದವು. ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಯಾರಿ ಸತ್ತಿತು.

ಇನ್ನು ಅಳತೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು ಇದ್ದರೆ ಹೆಚ್ಚು. ಒಣ ಕೋಳಿ ಗೊಬ್ಬರದಲ್ಲಿ ಅದು ನೂರಕ್ಕೆ ಸುಮಾರು 3. ಜೊತೆಗೆ ರಂಜಕ 2.6, ಪೊಟ್ಯಾಷ್ 1.4ರ ಆಸುಪಾಸು. ಕೋಳಿ ತಿಂದದ್ದು ಏನು, ಕೆಳಗೆ ಹಾಸಿದ್ದು ಏನು, ಗೊಬ್ಬರ ಎಷ್ಟು ಕಾಲ ಬಿದ್ದಿತ್ತು ಎಂಬುದರ ಮೇಲೆ ಈ ಅಂಕಿಗಳು ಏರಿಳಿಯುತ್ತವೆ; ಆದರೂ ಸಾರಜನಕದಲ್ಲಿ ಆರು ಪಟ್ಟು ಎಂಬ ಅಂದಾಜು ತಲೆಯಲ್ಲಿರಲಿ. ಎರಡು ಬೊಗಸೆ ಒಣ ಗೊಬ್ಬರ ಹತ್ತಿರ ಹತ್ತಿರ ಅರ್ಧ ಕಿಲೋ ತೂಗುತ್ತದೆ. ನಾನಾದರೆ ಅಷ್ಟನ್ನು ಒಂದು ಚದರ ಮೀಟರ್ ಮಡಿಗೆ ಹಾಕುತ್ತೇನೆ. ಅದೂ ಕಳಿತ ಮೇಲೆ, ಅದೂ ನಾಟಿಗೆ ಮೂರು ವಾರ ಮೊದಲು. ನೀವು ಒಂದೊಂದು ಸಸಿಗೂ ಒಂದೊಂದು ಮಡಿಯ ಊಟ ಬಡಿಸಿದ್ದೀರಿ.

ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ, ನನ್ನ ಲೆಕ್ಕದಲ್ಲೂ ಹನ್ನೊಂದು ಗುಲಾಬಿ ಗಿಡಗಳಿವೆ. ತೋಟ ಶುರು ಮಾಡಿದ ಎರಡನೇ ವರ್ಷ ಹಸಿ ಕೋಳಿ ಗೊಬ್ಬರವನ್ನು ಬುಡಕ್ಕೆ ಸುರಿದು, ಪಕ್ಕದ ಮನೆಯವರಿಗೆ ವಾಸನೆ ಹೋಗಬಾರದೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಕೈ ತೊಳೆದುಕೊಂಡು ಒಳಗೆ ಹೋದೆ. ಹಾಳೆಯ ಅಡಿಯಲ್ಲಿ ಅಮೋನಿಯಕ್ಕೆ ಹೊರಹೋಗುವ ದಾರಿಯೇ ಇರಲಿಲ್ಲ. ಐದನೇ ದಿನ ಹಾಳೆ ಎತ್ತಿದಾಗ ಮೂಗು ಮುಚ್ಚಿಕೊಂಡು ಹಿಂದಕ್ಕೆ ಹಾರಿದ್ದು, ಕಣ್ಣೀರು ಒರೆಸಿಕೊಳ್ಳುತ್ತ ನಿಂತಾಗ ಕೆಳಗಿನ ಎಲೆಗಳೆಲ್ಲ ಚಹಾ ಸೊಪ್ಪಿನ ಬಣ್ಣಕ್ಕೆ ತಿರುಗಿದ್ದು ಕಂಡದ್ದು ಇವತ್ತಿಗೂ ನೆನಪಿದೆ. ವಾಸನೆ ಪಕ್ಕದ ಮನೆಗೆ ಹೋಗಲಿಲ್ಲ ಎಂಬುದೊಂದೇ ಲಾಭ.

ಉಳಿದ ಆರು ಸಸಿಗಳಿಗೆ ಇಷ್ಟು ಮಾಡಿ. ಬುಡದ ಸುತ್ತ ಗೊಬ್ಬರವನ್ನೂ ಅದರ ಕೆಳಗಿನ ಎರಡು ಬೆರಳು ಮಣ್ಣನ್ನೂ ಬೇರಿಗೆ ಏಟಾಗದಂತೆ ಕೆರೆದು ತೆಗೆಯಿರಿ. ಎಸೆಯಬೇಡಿ, ಒಣ ಎಲೆಯೊಡನೆ ಬೆರೆಸಿ ಬೇರೆ ಕಡೆ ಗುಡ್ಡೆ ಹಾಕಿ. ಆಮೇಲೆ ಬರಿಯ ನೀರನ್ನು ನಿಧಾನವಾಗಿ, ಬುಡದಿಂದ ಕೆಳಕ್ಕೆ ಇಳಿದುಹೋಗುವಷ್ಟು ಬಿಡಿ. ಒಂದು ದಿನ ಬಿಟ್ಟು ಮತ್ತೊಮ್ಮೆ, ಮತ್ತೊಂದು ದಿನ ಬಿಟ್ಟು ಇನ್ನೊಮ್ಮೆ. ನೀರು ನಿಲ್ಲುವ ಜೇಡಿ ಮಣ್ಣಾದರೆ ಮೊದಲು ಬದಿಯಲ್ಲಿ ಕಾಲುವೆ ಸೀಳಿಕೊಳ್ಳಿ. ಇಲ್ಲವಾದರೆ ಉಪ್ಪಿನಿಂದ ಉಳಿದದ್ದು ಕೊಳೆತು ಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಾಲ್ಕು ದಿನ ನೆರಳು ಕಟ್ಟಿ. ಶಕ್ತಿ ಬರಲಿ ಎಂದು ಬೇರೆ ಯಾವ ಗೊಬ್ಬರವನ್ನೂ ಕೊಡಬೇಡಿ, ಹಳೆಯ ಎಲೆಗಳನ್ನು ಕೀಳಲೂ ಬೇಡಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ತುದಿಯಲ್ಲಿ ಹೊಸದಾಗಿ ಬರುವ ಎಲೆಯ ಅಂಚು ಶುಭ್ರವಾಗಿದ್ದರೆ ಗಿಡ ಬದುಕಿತು. ಖಾಲಿಯಾದ ಹದಿನಾಲ್ಕು ಕಡೆ ಒಂದು ತಿಂಗಳು ಏನನ್ನೂ ನೆಡಬೇಡಿ. ತಿಂಗಳಾದ ಮೇಲೆ ಅಲ್ಲಿನ ಮಣ್ಣಲ್ಲಿ ಹತ್ತು ಮೂಲಂಗಿ ಬೀಜ ಊರಿ ನೋಡಿ. ಎಂಟೊಂಬತ್ತು ಮೊಳೆತು, ಬೇರಿನ ತುದಿ ಬೆಳ್ಳಗಿದ್ದರೆ ನಾಟಿ ಮಾಡಬಹುದು.

ಪ್ರಶ್ನೆ: ಎಂಟು ಕೋಳಿ ಸಾಕಿದ್ದೇವೆ. ಗೂಡಿನ ಅಡಿಯಲ್ಲಿ ಬಿದ್ದದ್ದನ್ನು ದಿನವೂ ಬಾಚಿ ಮೂಲೆಯಲ್ಲಿ ಗುಡ್ಡೆ ಹಾಕುತ್ತೇನೆ. ಮೂರು ತಿಂಗಳಾದರೂ ಕಳಿಯಲೇ ಇಲ್ಲ. ಕಪ್ಪು ಅಂಟು, ದುರ್ವಾಸನೆ, ನೊಣ. ಹಿತ್ತಿಲಲ್ಲಿ ಒಣ ಎಲೆಗೇನೂ ಬರವಿಲ್ಲ, ಅದನ್ನು ಗುಡಿಸಿ ಸುಡುವುದೇ ಒಂದು ಕೆಲಸ. ಕ್ರಮವಾಗಿ ಗೊಬ್ಬರ ಮಾಡುವುದು ಹೇಗೆ? ಥರ್ಮಾಮೀಟರ್ ಇತ್ಯಾದಿ ನನ್ನಲ್ಲಿಲ್ಲ.

ಉತ್ತರ: ಒಂದು ಮೂಲೆಯಲ್ಲಿ ಎಲೆ ಸುಡುತ್ತೀರಿ, ಇನ್ನೊಂದು ಮೂಲೆಯಲ್ಲಿ ಎಲೆಯಿಲ್ಲದೆ ಗೊಬ್ಬರ ಕೊಳೆಯುತ್ತಿದೆ. ಎರಡು ಮೂಲೆಗಳಿಗೂ ಪರಿಚಯ ಮಾಡಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಒಂದು ಕೋಳಿ ದಿನಕ್ಕೆ 100ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ. ಎಂಟು ಕೋಳಿಗೆ ಒಂದು ಕಿಲೋ ಎನ್ನಿ. ಅದರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಬರೀ ನೀರು. ಆ ನೀರಿನಿಂದಾಗಿ ಗುಡ್ಡೆ ಅಂಟಾಗುತ್ತದೆ, ಅಂಟಾದಲ್ಲಿ ಗಾಳಿಯಾಡುವುದಿಲ್ಲ, ಗಾಳಿಯಿಲ್ಲದಲ್ಲಿ ನಾರುವ ಜೀವಿಗಳು ಮನೆ ಮಾಡುತ್ತವೆ. ಇನ್ನೊಂದು ಕೊರತೆ ಇಂಗಾಲದ್ದು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಕೋಳಿ ಹಿಕ್ಕೆಯಲ್ಲಿ ಅದು ಹತ್ತು ಪಾಲು ಇದ್ದರೆ ಪುಣ್ಯ. ಮಿಕ್ಕ ಸಾರಜನಕವನ್ನು ಅವು ಏನು ಮಾಡಬೇಕು? ಗಾಳಿಗೆ ಬಿಡುತ್ತವೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ನಿಮ್ಮದೇ ಗೊಬ್ಬರದ ಸತ್ವ.

ಒಣ ಎಲೆ ಇದಕ್ಕೆ ತಕ್ಕ ಜೋಡಿ. ಒಂದು ಬುಟ್ಟಿ ಹಿಕ್ಕೆಗೆ ಎರಡರಿಂದ ಮೂರು ಬುಟ್ಟಿ ಒಣ ಎಲೆ. ಎಲೆ ದೊಡ್ಡದಿದ್ದರೆ ತುಳಿದು ಪುಡಿ ಮಾಡಿಕೊಳ್ಳಿ. ಮರದ ಪುಡಿಯಾದರೆ ಅದರಲ್ಲಿ ಇಂಗಾಲ ಹಲವು ಪಟ್ಟು ಹೆಚ್ಚು, ಕಳಿಯುವುದೂ ನಿಧಾನ, ಆದ್ದರಿಂದ ಕಡಿಮೆ ಹಾಕಿ. ಭತ್ತದ ಹೊಟ್ಟು ಗಾಳಿಯಾಡಲು ಒಳ್ಳೆಯದು, ಆದರೆ ಬೇಗ ಕರಗುವುದಿಲ್ಲ. ವರ್ಷ ಕಳೆದರೂ ಮಡಿಯಲ್ಲಿ ಹೊಳೆಯುತ್ತ ಬಿದ್ದಿರುತ್ತದೆ. ಅದರಿಂದ ತೊಂದರೆಯೇನೂ ಇಲ್ಲ.

ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೊಂದು ಮೀಟರಾದರೂ ಇರಬೇಕು. ಅದಕ್ಕಿಂತ ಸಣ್ಣದಾದರೆ ಕಾವು ಹಿಡಿಯುವುದಿಲ್ಲ. ದಿನದಿನದ ಹಿಕ್ಕೆಯನ್ನು ಒಣ ಎಲೆಯೊಡನೆ ಡಬ್ಬಿಯಲ್ಲಿ ಕೂಡಿಟ್ಟು, ಸಾಕಷ್ಟಾದ ಮೇಲೆ ಒಂದೇ ಸಲ ಗುಡ್ಡೆ ಕಟ್ಟಿ. ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿ ಅಲ್ಲೇ ನಿಂತರೆ ಸರಿ. ನೀರು ಸುರಿದರೆ ಎಲೆ ಸೇರಿಸಿ, ಕೈ ಬಿಟ್ಟೊಡನೆ ಉದುರಿದರೆ ನೀರು ಚಿಮುಕಿಸಿ.

ಥರ್ಮಾಮೀಟರ್ ನನ್ನ ಬಳಿಯೂ ಇಲ್ಲ. ಹಳೆಯ ಕಿಟಕಿಯ ಒಂದು ಕಬ್ಬಿಣದ ಸರಳು ಇದೆ. ಗುಡ್ಡೆ ಕಟ್ಟಿದ ದಿನವೇ ಅದನ್ನು ನಡುಮಧ್ಯಕ್ಕೆ ಚುಚ್ಚಿಡುತ್ತೇನೆ. ಮೂರನೇ ಬೆಳಿಗ್ಗೆ ಎಳೆದು, ಒಳಗಿದ್ದ ತುದಿಯನ್ನು ಅಂಗೈಯಲ್ಲಿ ಹಿಡಿದು ಎಣಿಸುತ್ತೇನೆ. ಐದು ಎಣಿಸುವುದರೊಳಗೆ ಬಿಟ್ಟುಬಿಡಬೇಕು ಎನ್ನಿಸಿದರೆ ಕಾವು ಸರಿಯಾಗಿ ಏರಿದೆ ಎಂದು ಲೆಕ್ಕ. ಹಾಯಾಗಿ ಹಿಡಿದುಕೊಂಡು ನಿಲ್ಲುವಂತಿದ್ದರೆ ಗುಡ್ಡೆ ಮಲಗಿದೆ. ತೇವ ಕಡಿಮೆಯೋ, ಗಾಳಿ ಕಡಿಮೆಯೋ ನೋಡಬೇಕು. ಅಂಕಿಯೇ ಬೇಕೆನ್ನುವವರಿಗೆ: 55ರಿಂದ 65 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. 70 ದಾಟಿದರೆ ಕೆಲಸ ಮಾಡುವ ಜೀವಿಗಳೇ ಸಾಯಲು ತೊಡಗುತ್ತವೆ. ಅಮೆರಿಕದ ಸಾವಯವ ನಿಯಮದಲ್ಲಿ, ಬಯಲಲ್ಲಿ ಸಾಲಾಗಿ ಹಾಕಿದ ಗುಡ್ಡೆ 15 ದಿನ 55 ಡಿಗ್ರಿಗಿಂತ ಕೆಳಗಿಳಿಯಬಾರದು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು ಎಂದಿದೆ. ಮೂರು ದಿನಕ್ಕೊಮ್ಮೆ ಮಗುಚಿದರೆ ಅಷ್ಟೇ ಆಗುತ್ತದೆ. ಮಗುಚುವಾಗ ಹೊರಗಿದ್ದದ್ದು ಒಳಗೆ ಹೋಗಬೇಕು, ಅದು ಮುಖ್ಯ. ನೊಣದ ಮೊಟ್ಟೆಗಳು ಇರುವುದು ತಣ್ಣಗಿನ ಹೊರ ಅಂಚಿನಲ್ಲಿ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ನೊಣವಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಅಷ್ಟರೊಳಗೆ ಹುಳುಗಳನ್ನು ಕಾವಿನೊಳಕ್ಕೆ ತಳ್ಳಿದರೆ ಅಲ್ಲೇ ಬೇಯುತ್ತವೆ.

ಮಗುಚುವಾಗ ಒಳಗೆ ಬೂದಿ ಎರಚಿದಂತೆ ಬಿಳಿ ಪದರ ಕಂಡರೆ ಗಾಬರಿ ಬೇಡ. ಅದು ಆಕ್ಟಿನೋಮೈಸೀಟ್ಸ್ ಎಂಬ ಸೂಕ್ಷ್ಮಜೀವಿಗಳ ಬಲೆ. ಬಿಸಿ ಚೆನ್ನಾಗಿ ಏರಿದೆ, ಆ ಜಾಗ ಒಣಗುತ್ತಿದೆ ಎಂದು ತಿಳಿದು ನೀರು ಚಿಮುಕಿಸಿ. ಎರಡು ಮೂರು ವಾರದ ಬಳಿಕ ಮಗುಚಿದರೂ ಕಾವು ಏರದೆ ಹೋದಾಗ ಸರಳನ್ನು ಕಿತ್ತಿಡಿ, ಗುಡ್ಡೆಯನ್ನು ಮಳೆ ಬೀಳದಂತೆ ಮುಚ್ಚಿ ಎರಡು ತಿಂಗಳು ಮರೆತುಬಿಡಿ. ನಮ್ಮಂಥವರಿಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಕೊನೆಗೆ ಗುಡ್ಡೆ ಅರ್ಧಕ್ಕೆ ಕುಸಿದಿರುತ್ತದೆ, ಹಿಕ್ಕೆಯ ಗುರುತು ಸಿಗುವುದಿಲ್ಲ, ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಒಂದಿಷ್ಟನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಮುಚ್ಚಿ ಎರಡು ದಿನದ ಮೇಲೆ ಮುಚ್ಚಳ ತೆಗೆಯಿರಿ. ಮೂಗು ಚುರುಗುಟ್ಟಿದರೆ ಇನ್ನೂ ಆಗಿಲ್ಲ.

ಪ್ರಶ್ನೆ: ಗೂಡಿನ ವಾಸನೆ ತಡೆಯಲಾರದೆ ಹಿಕ್ಕೆಯ ಮೇಲೆ ಸುಣ್ಣ ಎರಚುತ್ತಿದ್ದೇನೆ. ಒಲೆಯ ಬೂದಿಯೂ ಆಗುತ್ತದೆ ಎಂದು ಒಬ್ಬರು ಹೇಳಿದರು. ಯಾವುದು ಉತ್ತಮ?

ಉತ್ತರ: ಎರಡೂ ಬೇಡ. ಸುಣ್ಣವಾಗಲಿ ಬೂದಿಯಾಗಲಿ ಕ್ಷಾರ. ಹಸಿ ಹಿಕ್ಕೆಗೆ ಕ್ಷಾರ ಬೆರೆತರೆ ಅಮೋನಿಯ ಇನ್ನಷ್ಟು ಜೋರಾಗಿ ಹೊರಬರುತ್ತದೆ. ವಾಸನೆ ತಡೆಯಲು ಹೋಗಿ ಅದಕ್ಕೆ ಬಾಗಿಲು ತೆರೆದಿದ್ದೀರಿ. ಒಣ ಎಲೆ, ಮರದ ಪುಡಿ, ಏನೂ ಇಲ್ಲದಿದ್ದರೆ ಒಣ ಮಣ್ಣು ಉದುರಿಸಿ. ಜಿಪ್ಸಂ ಅಥವಾ ಸೂಪರ್ ಫಾಸ್ಫೇಟ್ ಸಿಕ್ಕರೆ ಅವು ಅಮೋನಿಯವನ್ನು ಹಿಡಿದಿಡುತ್ತವೆ; ಆದರೆ ಸೂಪರ್ ಫಾಸ್ಫೇಟ್ ರಂಜಕದ ಗೊಬ್ಬರ, ಬಳಸುವ ಮುನ್ನ ಮುಂದಿನ ಉತ್ತರವನ್ನು ಓದಿ. ನೀರಿನ ಬಟ್ಟಲು ಸೋರುತ್ತಿದೆಯೇ ಎಂದೂ ನೋಡಿ. ಗೂಡು ನಾರುವುದಕ್ಕೆ ಎಷ್ಟೋ ಸಲ ಅದೊಂದೇ ಕಾರಣ.

ಪ್ರಶ್ನೆ: ಕೈ ಬಿಗಿ ಹಿಡಿಯಿರಿ ಎಂದು ಬರೆದಿದ್ದೀರಿ. ಇದೇನು ರಾಸಾಯನಿಕವೇ? ಪೂರ್ತಿ ನೈಸರ್ಗಿಕ. ಹತ್ತು ವರ್ಷದಿಂದ ತರಕಾರಿ ಮಡಿಗಳಿಗೆ ಪ್ರತಿ ವರ್ಷ ಮೂರು ಬೆರಳು ದಪ್ಪಕ್ಕೆ ಕಳಿತ ಕೋಳಿ ಗೊಬ್ಬರವನ್ನೇ ಹಾಸುತ್ತಿದ್ದೇನೆ, ಮೊದಲ ವರ್ಷಗಳ ಬೆಳೆ ನೋಡಿದವರು ಬೆರಗಾಗಿದ್ದರು. ಈಚೆಗೆ ಮಾತ್ರ ಎಳೆ ಎಲೆಗಳು ಹಳದಿಯಾಗುತ್ತಿವೆ, ನರ ಮಾತ್ರ ಹಸಿರು. ಮಣ್ಣು ಪರೀಕ್ಷೆಯಲ್ಲಿ ರಂಜಕ "ಅತಿ ಹೆಚ್ಚು" ಎಂದು ಬಂದಿದೆ. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ? ಇನ್ನೂ ಸ್ವಲ್ಪ ಗೊಬ್ಬರ ಹಾಕಿದರೆ ಹಳದಿ ಹೋಗಬಹುದೇ?

ಉತ್ತರ: ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು, ಪ್ರಾಮಾಣಿಕವಾದ ಸಿಟ್ಟು. ಆದರೂ ಒಪ್ಪಲಾರೆ. ಹಕ್ಕಿಯ ಹಿಕ್ಕೆ ನೈಸರ್ಗಿಕವಾಗಿದ್ದೂ ಎಷ್ಟು ಪ್ರಬಲ ಎಂಬುದಕ್ಕೆ ಪೆರುವಿನ ದ್ವೀಪಗಳ ಕತೆ ಸಾಕು. ಅಲ್ಲಿ ಕಡಲಹಕ್ಕಿಗಳ ಹಿಕ್ಕೆ ಶತಮಾನಗಳಿಂದ ಗುಡ್ಡ ಗುಡ್ಡವಾಗಿ ಬಿದ್ದಿತ್ತು; ಹಂಬೋಲ್ಟ್ ಎಂಬ ವಿಜ್ಞಾನಿ 1804ರಲ್ಲಿ ಅದರ ಮಾದರಿಯನ್ನು ಯುರೋಪಿಗೆ ಒಯ್ದ. ಆಮೇಲಿನ ಕೆಲವು ದಶಕಗಳಲ್ಲಿ ಹಡಗುಗಟ್ಟಲೆ ಹಿಕ್ಕೆ ಸಾಗರ ದಾಟಿತು. 1856ರಲ್ಲಿ ಅಮೆರಿಕ, ಹಿಕ್ಕೆಯಿರುವ ನಿರ್ಜನ ದ್ವೀಪಗಳನ್ನು ತನ್ನದೆನ್ನಲು ಒಂದು ಕಾನೂನನ್ನೇ ಮಾಡಿತು. ಸೌಮ್ಯವಾದ ವಸ್ತುವಿಗಾಗಿ ಯಾರೂ ದ್ವೀಪ ಹಿಡಿಯುವುದಿಲ್ಲ.

ನಿಮ್ಮ ಮಡಿಯಲ್ಲಿ ಆಗಿರುವುದು ಲೆಕ್ಕದ ಏರುಪೇರು. ತರಕಾರಿ ಗಿಡ ಮಣ್ಣಿನಿಂದ ಸಾರಜನಕವನ್ನು ರಂಜಕಕ್ಕಿಂತ ಹಲವು ಪಟ್ಟು ಹೆಚ್ಚು ತೆಗೆದುಕೊಳ್ಳುತ್ತದೆ. ಕೋಳಿ ಗೊಬ್ಬರ ಆ ಹೊಂದಿಕೆಯಲ್ಲಿ ಕೊಡುವುದಿಲ್ಲ. ಅದರಲ್ಲಿ ರಂಜಕ ಬಹಳ. ಸಾರಜನಕ ಗಾಳಿಗೂ ಹೋಗುತ್ತದೆ, ನೀರಿನ ಜೊತೆಗೂ ಇಳಿಯುತ್ತದೆ. ರಂಜಕ ಮಣ್ಣಿಗೆ ಅಂಟಿ ಕೂರುತ್ತದೆ. ಹತ್ತು ವರ್ಷ ಸಾರಜನಕಕ್ಕಾಗಿ ಗೊಬ್ಬರ ಹಾಕಿದ್ದೀರಿ, ಹತ್ತು ವರ್ಷದ ರಂಜಕ ಅಲ್ಲೇ ಉಳಿದಿದೆ. ರಂಜಕ ಅತಿಯಾದರೆ ಸತು ಮತ್ತು ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ನರ ಹಸಿರು, ನಡುವೆ ಹಳದಿ ಎಂದಿರಲ್ಲ, ಅದೂ ಎಳೆ ಎಲೆಯಲ್ಲಿ. ಕಬ್ಬಿಣ ಸಿಗದ ಗಿಡ ಹಾಗೆಯೇ ಕಾಣುತ್ತದೆ.

ಇದಕ್ಕೆ ಸುಣ್ಣವೂ ಸೇರಿರಬಹುದು. ಗೊಬ್ಬರ ಮೊಟ್ಟೆ ಕೋಳಿಯದೇ? ಚಿಪ್ಪು ಗಟ್ಟಿಯಾಗಲೆಂದು ಮೊಟ್ಟೆ ಕೋಳಿಯ ಆಹಾರದಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಇರುತ್ತದೆ. ಚಿಪ್ಪಿಗೆ ಹೋಗಿ ಉಳಿದದ್ದು ಹಿಕ್ಕೆಗೆ ಬರುತ್ತದೆ, ಹಿಕ್ಕೆಯಿಂದ ಮಣ್ಣಿಗೆ. ಹುಳಿ ಮಣ್ಣಿನವರಿಗೆ ಅದು ವರ. ಮೊದಲೇ ಕ್ಷಾರವಿರುವ ಮಣ್ಣಿನಲ್ಲಿ ಕಬ್ಬಿಣ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಅಜೇಲಿಯಾ, ಕಮೀಲಿಯಾ, ಬ್ಲೂಬೆರಿಯಂಥ ಹುಳಿ ಬಯಸುವ ಗಿಡಗಳ ಹತ್ತಿರಕ್ಕೂ ಆ ಗೊಬ್ಬರ ಒಯ್ಯಬೇಡಿ. ಆಲೂಗಡ್ಡೆಗೂ ಬೇಡ, ಸಿಪ್ಪೆಯ ಮೇಲೆ ಕಜ್ಜಿ ಬರುತ್ತದೆ. ಪರೀಕ್ಷೆಯ ಹಾಳೆಯಲ್ಲಿ ರಸಸಾರ (pH, ಮಣ್ಣು ಹುಳಿಯೋ ಕ್ಷಾರವೋ ಎಂಬುದರ ಅಳತೆ) ಎಷ್ಟಿದೆ ಎಂದು ನೋಡಿ. ಏಳೂವರೆ ದಾಟಿದ್ದರೆ ನನ್ನ ಅನುಮಾನ ನಿಜ.

ಆದ್ದರಿಂದ ಇನ್ನೂ ಸ್ವಲ್ಪ ಬೇಡ, ಸ್ವಲ್ಪವೂ ಬೇಡ. ಎರಡು ಮೂರು ವರ್ಷ ಕೋಳಿ ಗೊಬ್ಬರಕ್ಕೆ ರಜೆ ಕೊಡಿ. ಸಾರಜನಕಕ್ಕೆ ಹುರುಳಿಕಾಯಿ, ಬಟಾಣಿ, ಅಲಸಂದೆಯಂಥ ದ್ವಿದಳ ಬೆಳೆಯನ್ನು ಸರದಿಯಲ್ಲಿ ತನ್ನಿ, ಅವು ಗಾಳಿಯಿಂದಲೇ ಗಳಿಸಿಕೊಳ್ಳುತ್ತವೆ. ಮಣ್ಣಿಗೆ ಎಲೆಯ ಹೊದಿಕೆ ಸಾಕು. ಬೆಳೆದದ್ದನ್ನು ಕೊಯ್ದು ಹೊರಗೆ ಒಯ್ಯುತ್ತಿದ್ದಂತೆ ರಂಜಕವೂ ನಿಧಾನವಾಗಿ ಇಳಿಯುತ್ತದೆ. ಎಷ್ಟು ನಿಧಾನ ಎಂದರೆ, ಏರಿಸಲು ಹಿಡಿದ ಹತ್ತು ವರ್ಷವನ್ನು ನೆನೆದು ಸಮಾಧಾನ ತಂದುಕೊಳ್ಳಬೇಕು. ಅಲ್ಲಿಯವರೆಗೆ ಮಡಿಯನ್ನು ಬರಿದಾಗಿ ಬಿಡಬೇಡಿ. ಮಳೆಗೆ ಆ ಮಣ್ಣು ಕೊಚ್ಚಿಹೋಗಿ ಕೆರೆಗೋ ಹೊಂಡಕ್ಕೋ ಸೇರಿದರೆ ಅಲ್ಲಿ ಪಾಚಿ ಕಟ್ಟುತ್ತದೆ. ಮೂರು ವರ್ಷದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಜಗಳ ಉಳಿದಿದ್ದರೆ ಕಾಗದ ಬರೆಯಿರಿ.

ಪ್ರಶ್ನೆ: ಮಹಡಿಯ ಮೇಲೆ ಒಂದಡಿ ಅಗಲದ ಕುಂಡಗಳಲ್ಲಿ ಮೆಣಸಿನ ಗಿಡ ಬೆಳೆಯುತ್ತೇನೆ. ಒಂದು ಕುಂಡಕ್ಕೆ ಕಳಿತ ಕೋಳಿ ಗೊಬ್ಬರ ಎಷ್ಟು?

ಉತ್ತರ: ಒಂದಡಿ ಕುಂಡದ ಬಾಯಿ ಒಂದು ಚದರ ಮೀಟರಿನ ಹದಿನಾಲ್ಕನೇ ಒಂದು ಪಾಲು. ಮಡಿಗೆ ಅರ್ಧ ಕಿಲೋ ಎಂದೆನಲ್ಲ, ಅದನ್ನು ಹದಿನಾಲ್ಕರಿಂದ ಭಾಗಿಸಿದರೆ ಮೂವತ್ತೈದು ಗ್ರಾಂ. ಬಿಗಿಯಾದ ಒಂದು ಹಿಡಿಯೂ ಬೇಡ. ಎಲೆ ಬೆರೆಸಿ ಮಾಡಿದ ಗೊಬ್ಬರವಾದರೆ ಸತ್ವ ಸ್ವಲ್ಪ ತೆಳು, ತುಂಬಿದ ಹಿಡಿ ಹಾಕಬಹುದು. ಕುಂಡದಲ್ಲಿ ಉಪ್ಪಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಬೇರಿಗೂ ಇಲ್ಲ. ಹಾಗಾಗಿ ಗಿಡ ನೆಡುವ ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಿ, ಎರಡು ಸಲ ನೀರು ಕೆಳಗಿನಿಂದ ಹರಿಯುವಷ್ಟು ಬಿಡಿ. ಬೀಜ ಮೊಳೆಯಿಸುವ ತಟ್ಟೆಗೆ ಚಿಟಿಕೆಯಷ್ಟೂ ಬೇಡ.

ಪ್ರಶ್ನೆ: ಟೊಮೆಟೊ ಆಳೆತ್ತರ ಬೆಳೆದಿದೆ, ಎಲೆ ಕಡುಹಸಿರು, ಕಾಂಡ ಹೆಬ್ಬೆರಳು ದಪ್ಪ. ಹೂವೇ ಇಲ್ಲ. ಗಿಡಹೇನು ಮಾತ್ರ ಕುಡಿಯ ತುಂಬ. ಕೋಳಿ ಗೊಬ್ಬರ ಬಿಟ್ಟು ಬೇರೇನೂ ಹಾಕಿಲ್ಲ.

ಉತ್ತರ: ಬೇರೇನೂ ಬೇಕಾಗಿರಲಿಲ್ಲ. ಸಾರಜನಕ ಸಿಗುತ್ತಿರುವಷ್ಟು ದಿನ ಗಿಡ ಎಲೆ ಮಾಡುತ್ತದೆ. ಆ ಮೆತ್ತನೆಯ ರಸವತ್ತಾದ ಕುಡಿ ಗಿಡಹೇನಿಗೆ ಬಲು ಇಷ್ಟ. ಗೊಬ್ಬರ ನಿಲ್ಲಿಸಿ, ಬುಡದ ಅಡ್ಡಕುಡಿಗಳನ್ನು ಚಿವುಟಿ, ಹೇನನ್ನು ನೀರಿನ ರಭಸಕ್ಕೆ ತೊಳೆದು ಕಾಯಿರಿ. ತಡವಾಗಿಯಾದರೂ ಹೂ ಬಿಡುತ್ತದೆ. ಮುಂದಿನ ಸಲ ಕೋಳಿ ಗೊಬ್ಬರದ ಮಡಿಯಲ್ಲಿ ಮೊದಲು ಸೊಪ್ಪು ಅಥವಾ ಎಲೆಕೋಸು ಬೆಳೆದು, ಅದು ಉಂಡು ಬಿಟ್ಟದ್ದರಲ್ಲಿ ಟೊಮೆಟೊ ನೆಡಿ. ಕ್ಯಾರೆಟ್ಟನ್ನು ಅದಕ್ಕೂ ನಂತರದ ಸರದಿಗೆ ಇಡಿ; ಹೊಸ ಗೊಬ್ಬರದಲ್ಲಿ ಅದು ಕವಲೊಡೆದು ಪ್ಯಾಂಟು ತೊಟ್ಟಂತೆ ಬರುತ್ತದೆ.

ಪ್ರಶ್ನೆ: ಹಸಿಯಾಗಿ ತಿನ್ನುವ ಸೊಪ್ಪು ಬೆಳೆಯುತ್ತೇನೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಹಿಕ್ಕೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಹಾಕಿದರೆ ಸಾಕೇ? ನೀರಿನಲ್ಲಿ ನೆನೆಸಿ ಸಿಂಪಡಿಸುವುದೂ ಒಳ್ಳೆಯದಂತೆ.

ಉತ್ತರ: ಮೊಮ್ಮಗಳ ಮಾತು ಬಂದದ್ದರಿಂದ ನೇರವಾಗಿ ಹೇಳುತ್ತೇನೆ, ಸಾಲದು. ಒಣಗಿದ್ದು ಬೇರೆ, ಕಳಿತದ್ದು ಬೇರೆ. ಕೋಳಿ ಆರೋಗ್ಯವಾಗಿ ಓಡಾಡುತ್ತಿದ್ದರೂ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಇರಬಹುದು. ಬಿಸಿಲಿನಲ್ಲಿ ಒಣಗಿಸಿದರೆ ಎಲ್ಲವೂ ಸಾಯುತ್ತವೆ ಎಂದು ನಂಬುವಂತಿಲ್ಲ; ಗುಡ್ಡೆಯ ಒಳಗಿನ ಕಾವಿಗೆ ಸಾಯುತ್ತವೆ. ಕಳಿಯದ ಗೊಬ್ಬರ ಹಾಕಿದ ಮಣ್ಣಿನಲ್ಲಿ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ, ತಾಗದ ಬೆಳೆಯಾದರೆ 90 ದಿನ ಅಂತರ ಬೇಕು ಎಂದು ಮೇಲೆ ಹೇಳಿದ ಅಮೆರಿಕದ ನಿಯಮವೇ ಹೇಳುತ್ತದೆ. ನಿಮ್ಮ ಸೊಪ್ಪು ಒಂದು ತಿಂಗಳ ಬೆಳೆ. ಲೆಕ್ಕ ಹೊಂದುವುದೇ ಇಲ್ಲ. ನೆನೆಸಿದ ನೀರನ್ನು ಎಲೆಯ ಮೇಲೆ ಸಿಂಪಡಿಸುವುದಂತೂ ರೋಗಾಣುವನ್ನು ತಟ್ಟೆಗೆ ಬಡಿಸಿದಂತೆ. ಪೂರ್ತಿ ಕಳಿತದ್ದನ್ನು ಬಿತ್ತನೆಗೆ ಮೊದಲು ಮಣ್ಣಿಗೆ ಬೆರೆಸಿ, ಆಮೇಲೆ ಮುಟ್ಟಬೇಡಿ.

ಪುಡಿ ಮಾಡುವ ಯೋಚನೆಯನ್ನೂ ಬಿಡಿ. ಒಣ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಕ್ಕಿಯ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುವ ಹಿಸ್ಟೊಪ್ಲಾಸ್ಮ ಎಂಬ ಶಿಲೀಂಧ್ರ ಉಸಿರಿನ ಮೂಲಕವೇ ಒಳಹೊಗುತ್ತದೆ. ಹಳೆಯ ಗೂಡು ಕೆರೆಯುವ ಮೊದಲು ನೀರು ಚಿಮುಕಿಸಿ, ಮೂಗಿಗೆ ಮುಖಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದು ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಕೋಳಿಗಳು ಕಾರಣ ತಿಳಿಯದೆ ಸತ್ತ ಗೂಡಿನದ್ದಾದರೆ ಆ ಗೊಬ್ಬರವನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಪ್ರಶ್ನೆ: ಎರೆಹುಳುವಿನ ತೊಟ್ಟಿಗೆ ಒಂದು ಬುಟ್ಟಿ ಹೊಸ ಕೋಳಿ ಗೊಬ್ಬರ ಹಾಕಿದೆ. ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ಗೋಡೆ ಹತ್ತಿವೆ. ಯಾಕೆ?

ಉತ್ತರ: ಜೀವ ಉಳಿಸಿಕೊಳ್ಳಲು. ಈಗಲೇ ಆ ಗೊಬ್ಬರ ತೆಗೆಯಿರಿ. ಅಮೋನಿಯ, ಉಪ್ಪು, ಕಾವು ಮೂರೂ ಅವಕ್ಕೆ ಆಗದು. ಮೊದಲು ಗುಡ್ಡೆಯಲ್ಲಿ ಕಾವು ಏರಿ ಇಳಿಯಲಿ, ಆಮೇಲೆ ತೊಟ್ಟಿಯ ಒಂದು ಮೂಲೆಗೆ ಮಾತ್ರ ಹಾಕಿ. ಹುಳುಗಳು ತಾವಾಗಿ ಆ ಕಡೆ ಬಂದರೆ ಉಳಿದದ್ದನ್ನು ಕೊಡಿ.

ಪ್ರಶ್ನೆ: ಹರಳು ಹರಳಾಗಿ ಮಾರುವ ಕೋಳಿ ಗೊಬ್ಬರ ತಂದು ಗಿಡಗಳಿಗೆ ಹಾಕಿದೆ. ನಮ್ಮ ನಾಯಿ ಮಣ್ಣು ಬಗೆದು ಅದನ್ನು ತಿನ್ನುತ್ತಿದೆ!

ಉತ್ತರ: ನಾಯಿಯ ಮೂಗಿಗೆ ಅದು ತಿಂಡಿ. ಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ ಬೆರೆಸಿ, ನೀರು ಬಿಟ್ಟು, ಮೇಲೆ ಕಲ್ಲು ಅಥವಾ ತಂತಿ ಬಲೆ ಇಡಿ. ಬಹಳ ತಿಂದು ವಾಂತಿ ಮಾಡಿಕೊಂಡರೆ ಪಶುವೈದ್ಯರಿಗೆ ತೋರಿಸಿ, ಚೀಲವನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಚೀಲವನ್ನು ನಾಯಿಗೆ ಎಟುಕದ ಎತ್ತರದಲ್ಲಿಡಿ.

ಈ ಪುಟವನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಬದನೆಯವರ ಇನ್ನೊಂದು ಕಾಗದ ಬಂದಿದೆ. ಆರರಲ್ಲಿ ಐದು ಸಸಿ ಚಿಗುರಿವೆಯಂತೆ, ಹೊಸ ಎಲೆಯ ಅಂಚು ಶುಭ್ರವಾಗಿದೆಯಂತೆ. ಈ ಸಲ ಲಕೋಟೆಯಲ್ಲಿ ಎಲೆಯಿಲ್ಲ, ಪ್ರಶ್ನೆಯೊಂದಿದೆ: "ಸೊರಗಿವೆ ಪಾಪ, ಈಗ ಏನು ಹಾಕಲಿ ಅಮ್ಮಾ?"

ನೀರು.